ವಿದ್ಯಾರ್ಥಿ ತಂಡಗಳ ಸಸ್ಯ ಬೆಳವಣಿಗೆ ಪ್ರಯೋಗ: ಸಂಯೋಜನೆ ಹಾಗೂ ಇಲಾಖೆಗಳ ನೆರವು ಪಡೆಯುವ ಬಗ್ಗೆ ಮಾಹಿತಿ

ಪೀಠಿಕೆ

ಪ್ರೌಢಶಾಲಾ ವಿದ್ಯಾರ್ಥಿಗಳು ಜೀವಶಾಸ್ತ್ರ ವಿಷಯದ ಯೋಜನಾ ಕಾರ್ಯವಾಗಿ ಕೈಗೊಳ್ಳುವ ಚಟುವಟಿಕೆಗಳಲ್ಲಿ ಸಸ್ಯಗಳ ಬೆಳವಣಿಗೆಯನ್ನು ಕುರಿತ ಕುಂಡ ಪ್ರಯೋಗವು ಅತ್ಯಂತ ಸಾಮಾನ್ಯವಾದುದು. ಇದಕ್ಕೆ ವೆಚ್ಚ ಕಡಿಮೆ; ಬೇಕಾಗುವ ಸಾಮಗ್ರಿಗಳು ಗ್ರಾಮಾಂತರ ಪ್ರದೇಶಗಳಲ್ಲಿಯೂ ಸುಲಭವಾಗಿ ದೊರೆಯುತ್ತವೆ. ಆದಾಗ್ಯೂ ಇಂತಹ ಪ್ರಯೋಗಗಳಲ್ಲಿ ಹಲವು ಅರ್ಧದಲ್ಲಿಯೇ ನಿಂತುಹೋಗುತ್ತವೆ. ಅದಕ್ಕೆ ಕಾರಣ ವಿಜ್ಞಾನದ ಕ್ಲಿಷ್ಟತೆಯಲ್ಲ. ಭಾನುವಾರ ನೀರು ಹಾಕುವವರು ಯಾರು, ದಾಖಲೆ ಪುಸ್ತಕ ಯಾರ ಬಳಿ ಇದೆ, ರಜೆಯಲ್ಲಿ ಕುಂಡಗಳು ಎಲ್ಲಿರಬೇಕು ಎಂಬ ಸಣ್ಣ ವಿಷಯಗಳು ಮೊದಲೇ ತೀರ್ಮಾನವಾಗಿರುವುದಿಲ್ಲ. ಗಿಡಗಳು ಒಣಗಿದ ಬಳಿಕ ವರದಿ ಸಲ್ಲಿಸುವ ದಿನಾಂಕ ಸಮೀಪಿಸುತ್ತದೆ. ಆಗ ಅಂಕಿಅಂಶಗಳನ್ನು ಕುಳಿತಲ್ಲಿಯೇ ಬರೆಯುವ ಪ್ರವೃತ್ತಿ ತಲೆದೋರುತ್ತದೆ. ಇದನ್ನು ತಪ್ಪಿಸುವ ಉದ್ದೇಶದಿಂದ ಶಿಕ್ಷಕರು, ಪೋಷಕರು ಹಾಗೂ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮಾಹಿತಿಯು ಸ್ಪಷ್ಟವಾಗಿರಲೆಂದು ಒಂದೇ ಪ್ರಯೋಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ: ರೈಜೋಬಿಯಂ ಜೈವಿಕ ಗೊಬ್ಬರವನ್ನು ಲೇಪಿಸಿದ ಮತ್ತು ಲೇಪಿಸದ ಹೆಸರು ಕಾಳಿನ ಗಿಡಗಳ ಹೋಲಿಕೆ. ತಂಡದಲ್ಲಿ ಆರು ಮಂದಿ ವಿದ್ಯಾರ್ಥಿಗಳು ಹಾಗೂ ಒಟ್ಟು 12 ಕುಂಡಗಳು ಇವೆಯೆಂದು ಭಾವಿಸಲಾಗಿದೆ. ಬೇರೆ ಬೆಳೆ ಅಥವಾ ಬೇರೆ ಪ್ರಶ್ನೆಯನ್ನು ಆರಿಸಿಕೊಳ್ಳುವ ತಂಡಗಳಿಗೂ ಸಂಯೋಜನೆಯ ಕ್ರಮ ಇದೇ ಆಗಿರುತ್ತದೆ.

ಪ್ರಯೋಗದ ಹಿನ್ನೆಲೆ

ದ್ವಿದಳ ಧಾನ್ಯದ ಗಿಡಗಳ ಬೇರಿನಲ್ಲಿರುವ ಸಣ್ಣ ಗಂಟುಗಳೊಳಗೆ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗುವ ರೂಪಕ್ಕೆ ಪರಿವರ್ತಿಸುತ್ತವೆ. ಈ ಸಂಗತಿಯು ಬೆಳಕಿಗೆ ಬಂದುದೂ ಕುಂಡ ಪ್ರಯೋಗಗಳಿಂದಲೇ. ಜರ್ಮನಿಯ ಹೆಲ್‌ರೀಗೆಲ್ ಎಂಬ ವಿಜ್ಞಾನಿಯು ಮರಳು ತುಂಬಿದ ಕುಂಡಗಳಲ್ಲಿ ಓಟ್ಸ್ ಮತ್ತು ಬಟಾಣಿ ಬೆಳೆಯುತ್ತಿದ್ದಾಗ, ಓಟ್ಸ್ ಗಿಡಗಳು ಕೊಟ್ಟ ಸಾರಜನಕದ ಪ್ರಮಾಣಕ್ಕೆ ಅನುಗುಣವಾಗಿ ಬೆಳೆದವು. ಬಟಾಣಿ ಗಿಡಗಳು ಮಾತ್ರ ಯಾವ ಕ್ರಮಕ್ಕೂ ಒಳಪಡಲಿಲ್ಲ. ಸಾರಜನಕ ನೀಡದ ಕೆಲವು ಕುಂಡಗಳಲ್ಲಿ ಬಟಾಣಿ ಸೊರಗಿತು, ಪಕ್ಕದ ಕುಂಡದಲ್ಲಿ ಹುಲುಸಾಗಿ ಬೆಳೆಯಿತು. ಆತನು ಈ ಹೊಂದಿಕೆಯಾಗದ ಕುಂಡಗಳನ್ನು ಲೆಕ್ಕದಿಂದ ಬಿಡದೆ ಅವುಗಳ ಬೇರುಗಳನ್ನು ಪರಿಶೀಲಿಸಿದನು. 1886ರಲ್ಲಿ ಬರ್ಲಿನ್ನಿನ ಸಭೆಯೊಂದರಲ್ಲಿ ಬೇರುಗಂಟುಗಳ ಪಾತ್ರವನ್ನು ಪ್ರಕಟಿಸಿದನು. 1888ರಲ್ಲಿ ಹಾಲೆಂಡಿನ ಬೈಯೆರಿಂಕ್ ಆ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದನು. ಸರಿಯಾಗಿ ಬಾರದ ಕುಂಡವನ್ನು ಬಿಸಾಡಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ತರಗತಿಯಲ್ಲಿ ಹೇಳುವುದು ಕಷ್ಟ.

ಕಾಲ ನಿರ್ಧಾರ

ಹೆಸರು ಸುಮಾರು 60ರಿಂದ 70 ದಿನಗಳ ಬೆಳೆ. ಆದರೆ ಈ ಪ್ರಯೋಗಕ್ಕೆ ಕಾಯಿ ಬಲಿಯುವವರೆಗೆ ಕಾಯಬೇಕಾಗಿಲ್ಲ. ಹೂ ಬಿಡುವ ವೇಳೆಗೆ, ಅಂದರೆ ಬಿತ್ತಿದ 35ರಿಂದ 42 ದಿನಗಳೊಳಗೆ ಗಿಡಗಳನ್ನು ಕಿತ್ತು ಬೇರುಗಂಟುಗಳನ್ನು ಎಣಿಸುವುದು ಸೂಕ್ತ. ಕಾಯಿ ಕಟ್ಟಿದ ನಂತರ ಗಂಟುಗಳು ಕ್ರಮೇಣ ಕೊಳೆತು ಉದುರುತ್ತವೆ.

ಜುಲೈ ಮೊದಲ ವಾರದಲ್ಲಿ ಬಿತ್ತಿದರೆ ದಸರಾ ರಜೆಗೆ ಬಹು ಮುಂಚೆಯೇ ಕೆಲಸ ಮುಗಿಯುತ್ತದೆ. ಒಂದು ಎಚ್ಚರಿಕೆ: ಜುಲೈ 5ರಂದು ಬಿತ್ತಿದ ಗಿಡಗಳಿಗೆ ಆಗಸ್ಟ್ 14ಕ್ಕೆ 40 ದಿನ ತುಂಬುತ್ತದೆ. ಸ್ವಾತಂತ್ರ್ಯ ದಿನಾಚರಣೆಗಾಗಿ ಶಾಲಾ ಆವರಣವನ್ನು ಸ್ವಚ್ಛಗೊಳಿಸುವಾಗ ಕುಂಡಗಳನ್ನು ಎತ್ತಿ ಗೋಡೆಯ ಹಿಂದೆ ಇರಿಸುವುದು, ಚೀಟಿಗಳು ಕಳಚಿ ಬೀಳುವುದು ಅಸಾಧ್ಯವೇನಲ್ಲ. ಆದುದರಿಂದ ಆಗಸ್ಟ್ 10ರೊಳಗೆ ಎಣಿಕೆ ಮುಗಿಸುವುದು, ಇಲ್ಲವೇ ಕುಂಡಗಳಿರುವ ಜಾಗವನ್ನು ಮುಖ್ಯೋಪಾಧ್ಯಾಯರಿಗೆ ಮತ್ತು ದೈಹಿಕ ಶಿಕ್ಷಣ ಶಿಕ್ಷಕರಿಗೆ ಮೊದಲೇ ತಿಳಿಸುವುದು ಉತ್ತಮ.

ಇಲಾಖೆಗಳಿಂದ ಪಡೆಯಬಹುದಾದ ನೆರವು

ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದಲ್ಲಿ ಜೈವಿಕ ಗೊಬ್ಬರಗಳ ಲಭ್ಯತೆ ಹಾಗೂ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಬಹುದು. ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಜೈವಿಕ ಗೊಬ್ಬರಗಳನ್ನು ತಯಾರಿಸಿ ಮಾರಾಟ ಮಾಡಲಾಗುತ್ತದೆ. ಸಮೀಪದ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಭೇಟಿ ಮಾಡಿ ಸಲಹೆ ಪಡೆಯಬಹುದು. ಕುಂಡಗಳ ಬದಲಿಗೆ ಸಸಿ ಬೆಳೆಸುವ ಪಾಲಿಥಿನ್ ಚೀಲಗಳು ಬೇಕಾದಲ್ಲಿ ತೋಟಗಾರಿಕೆ ಇಲಾಖೆಯ ಅಥವಾ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ವಿಚಾರಿಸತಕ್ಕದ್ದು.

ರೈಜೋಬಿಯಂ ಪೊಟ್ಟಣವನ್ನು ಪಡೆಯುವಾಗ ಎರಡು ಅಂಶಗಳನ್ನು ಕಡ್ಡಾಯವಾಗಿ ನೋಡಬೇಕು. ಮೊದಲನೆಯದು, ಪೊಟ್ಟಣದ ಮೇಲೆ ನಮೂದಿಸಿರುವ ಬೆಳೆಯ ಹೆಸರು. ಸೋಯಾ ಅವರೆಗಾಗಿ ತಯಾರಿಸಿದ ಪೊಟ್ಟಣವು ಹೆಸರಿಗೆ ಹೊಂದುವುದಿಲ್ಲ. ಹೆಸರು, ಉದ್ದು, ಅಲಸಂದೆಗಳು ಒಂದೇ ಗುಂಪಿಗೆ ಸೇರಿದವು. ಎರಡನೆಯದು, ಬಳಕೆಯ ಕೊನೆಯ ದಿನಾಂಕ. ಅದರಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಅವಧಿ ಮೀರಿದ ಅಥವಾ ಬಿಸಿಲಿನಲ್ಲಿ ಬಿದ್ದಿದ್ದ ಪೊಟ್ಟಣದಿಂದ ಪ್ರಯೋಗ ನಡೆಸಿದರೆ ಹೋಲಿಕೆಯೇ ಉಳಿಯುವುದಿಲ್ಲ. ಪೊಟ್ಟಣವನ್ನು ಬಿತ್ತನೆಯ ದಿನದವರೆಗೆ ನೆರಳಿನಲ್ಲಿ, ತಂಪಾದ ಜಾಗದಲ್ಲಿ ಇಡಬೇಕು.

ಮಣ್ಣು ಪರೀಕ್ಷೆ ಮಾಡಿಸುವುದಾದರೆ ಜೂನ್ ತಿಂಗಳಿನಲ್ಲಿಯೇ ಮಾದರಿಯನ್ನು ಸಲ್ಲಿಸುವುದು ಅಗತ್ಯ. ಮಣ್ಣು ತೆಗೆಯುವ ಜಾಗದ ಹಲವು ಕಡೆ ಮೇಲಿನ ಕಸಕಡ್ಡಿ ಸರಿಸಿ, 15 ಸೆಂ.ಮೀ. ಆಳದವರೆಗೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಗುಂಡಿ ತೆಗೆದು, ಅದರ ಒಂದು ಬದಿಯಿಂದ ಮಣ್ಣನ್ನು ಕೆರೆದುಕೊಳ್ಳಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಬಿಟ್ಟು ಮತ್ತೆ ಬೆರೆಸಿ, ಕೊನೆಗೆ ಅರ್ಧ ಕಿಲೋ ಉಳಿಯುವಂತೆ ಮಾಡಿ ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲದಲ್ಲಿ ನೀಡತಕ್ಕದ್ದು. ಗೊಬ್ಬರದ ಗುಂಡಿಯ ಪಕ್ಕದ, ಮರದ ಬುಡದ ಮಣ್ಣನ್ನು ಸೇರಿಸಬಾರದು. ಮಣ್ಣು ಪರೀಕ್ಷೆ ಈ ಪ್ರಯೋಗಕ್ಕೆ ಅನಿವಾರ್ಯವಲ್ಲ. ಆದರೆ ಫಲಿತಾಂಶವನ್ನು ವಿವರಿಸುವಾಗ ಅದು ನೆರವಾಗುತ್ತದೆ.

ಅರ್ಜಿಯನ್ನು ವಿದ್ಯಾರ್ಥಿಗಳು ತಮ್ಮ ಹೆಸರಿನಲ್ಲಿ ನೀಡುವುದಕ್ಕಿಂತ ಶಾಲೆಯ ಮೂಲಕ ಸಲ್ಲಿಸುವುದು ಸೂಕ್ತ. ಮಾದರಿ ಈ ಕೆಳಕಂಡಂತಿದೆ.

ಗೆ,
ಕೃಷಿ ಅಧಿಕಾರಿಗಳು,
ರೈತ ಸಂಪರ್ಕ ಕೇಂದ್ರ, ............ ಹೋಬಳಿ.

ಮಾನ್ಯರೇ,
ವಿಷಯ: ವಿದ್ಯಾರ್ಥಿಗಳ ಪ್ರಯೋಗಕ್ಕಾಗಿ ಹೆಸರು ಬೆಳೆಯ ರೈಜೋಬಿಯಂ ಪೊಟ್ಟಣ ಒದಗಿಸುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಮ್ಮ ಶಾಲೆಯ ......ನೇ ತರಗತಿಯ ...... ಮಂದಿ ವಿದ್ಯಾರ್ಥಿಗಳು ............ ಶಿಕ್ಷಕರ ಮಾರ್ಗದರ್ಶನದಲ್ಲಿ ದಿನಾಂಕ ............ ರಿಂದ ............ ರವರೆಗೆ ಕುಂಡ ಪ್ರಯೋಗವನ್ನು ನಡೆಸಲಿರುವರು. ಇದಕ್ಕಾಗಿ ಒಂದು ಪೊಟ್ಟಣವನ್ನು ನಿಗದಿತ ದರದಲ್ಲಿ ಒದಗಿಸಿ, ಬೀಜೋಪಚಾರದ ವಿಧಾನವನ್ನು ವಿದ್ಯಾರ್ಥಿಗಳಿಗೆ ತಿಳಿಸಿಕೊಡಬೇಕೆಂದು ಕೋರಲಾಗಿದೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು

ಅರ್ಜಿಯಲ್ಲಿ ದಿನಾಂಕಗಳನ್ನು ನಮೂದಿಸುವುದನ್ನು ಮರೆಯಬಾರದು. ಬಿತ್ತನೆಯ ಹಂಗಾಮಿನಲ್ಲಿ ರೈತ ಸಂಪರ್ಕ ಕೇಂದ್ರಗಳಲ್ಲಿ ಕಾರ್ಯದೊತ್ತಡ ಹೆಚ್ಚಿರುತ್ತದೆ. ‘ಆದಷ್ಟು ಬೇಗ’ ಎಂದು ಬರೆದ ಪತ್ರಕ್ಕಿಂತ ದಿನಾಂಕವಿರುವ ಪತ್ರಕ್ಕೆ ಉತ್ತರಿಸುವುದು ಸಿಬ್ಬಂದಿಗೆ ಸುಲಭ.

ಬೀಜದ ಆಯ್ಕೆ: ಸುರಕ್ಷತಾ ಸೂಚನೆ

ಬಿತ್ತನೆಗಾಗಿ ಮಾರುವ ಬೀಜಗಳಿಗೆ ಸಾಮಾನ್ಯವಾಗಿ ಶಿಲೀಂಧ್ರನಾಶಕವನ್ನು ಲೇಪಿಸಿರಲಾಗುತ್ತದೆ. ಅವು ಗುಲಾಬಿ ಅಥವಾ ಬೇರೆ ಬಣ್ಣದಲ್ಲಿರುತ್ತವೆ. ಅಂತಹ ಬೀಜಗಳನ್ನು ಮಕ್ಕಳ ಕೈಗೆ ಕೊಡಬಾರದು. ಆ ರಾಸಾಯನಿಕವು ರೈಜೋಬಿಯಂಗೂ ಹಾನಿಕರವಾದುದರಿಂದ ಪ್ರಯೋಗವೂ ಕೆಡುತ್ತದೆ. ದಿನಸಿ ಅಂಗಡಿಯಲ್ಲಿ ದೊರೆಯುವ ಇಡೀ ಹೆಸರು ಕಾಳು ಸಾಕು. 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಟ್ಟೆ ಒಣಗದಂತೆ ನೋಡಿಕೊಂಡು, ಮೊಳೆತವುಗಳನ್ನು ಎಣಿಸಬೇಕು. ಪ್ರಮಾಣಿತ ಬಿತ್ತನೆ ಬೀಜಕ್ಕೆ ನಿಗದಿಯಾಗಿರುವ ಕನಿಷ್ಠ ಮೊಳಕೆ ಪ್ರಮಾಣ ಶೇ. 75. ಅದಕ್ಕಿಂತ ಕಡಿಮೆಯಾದರೆ ಬೇರೆ ಕಾಳನ್ನು ತರುವುದು ಒಳಿತು.

ಕುಂಡಗಳ ಸಿದ್ಧತೆ ಮತ್ತು ಬಿತ್ತನೆ

ಹನ್ನೆರಡೂ ಕುಂಡಗಳು ಒಂದೇ ಗಾತ್ರದವಾಗಿರಬೇಕು. ತಳದಲ್ಲಿ ನೀರು ಬಸಿಯಲು ರಂಧ್ರವಿರಬೇಕು. ಎಲ್ಲ ಕುಂಡಗಳಿಗೆ ಬೇಕಾಗುವ ಮಣ್ಣನ್ನು ಗೋಣಿತಾಟಿನ ಮೇಲೆ ಒಂದೇ ರಾಶಿಯಾಗಿ ಬೆರೆಸಿ ಆನಂತರ ತುಂಬತಕ್ಕದ್ದು. ಯೂರಿಯಾ ಹಾಕಬಾರದು. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿರುತ್ತದೆ, ಮಣ್ಣಿನಲ್ಲಿ ಸಾರಜನಕ ಹೇರಳವಾಗಿದ್ದರೆ ಗಿಡವು ಬೇರುಗಂಟುಗಳನ್ನು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಕೊಟ್ಟಿಗೆ ಗೊಬ್ಬರವನ್ನೂ ಇದೇ ಕಾರಣಕ್ಕೆ ಮಿತವಾಗಿ ಬಳಸಬೇಕು.

ಲೇಪಿಸದ ಕಾಳುಗಳನ್ನು ಮೊದಲು ಬಿತ್ತಬೇಕು. ಆ ಆರು ಕುಂಡಗಳ ಕೆಲಸ ಸಂಪೂರ್ಣ ಮುಗಿದ ನಂತರವೇ ರೈಜೋಬಿಯಂ ಪೊಟ್ಟಣವನ್ನು ಒಡೆಯಬೇಕು. ಈ ಕ್ರಮ ತಲೆಕೆಳಗಾದರೆ ಕೈಗೆ ಅಂಟಿದ ಪುಡಿಯು ಹೋಲಿಕೆಯ ಕುಂಡಗಳಿಗೂ ಸೇರುತ್ತದೆ. ಮುಂದಿನ 40 ದಿನಗಳ ದುಡಿಮೆಯನ್ನು ಆ ಒಂದು ಗಳಿಗೆಯೇ ವ್ಯರ್ಥಗೊಳಿಸಬಲ್ಲದು. ಲೇಪನಕ್ಕೆ ಬೆಲ್ಲವನ್ನು ನೀರಿನಲ್ಲಿ ಕರಗಿಸಿದ ಅಂಟು ದ್ರಾವಣವನ್ನು ಕಾಳುಗಳಿಗೆ ಸವರಿ, ಪುಡಿಯನ್ನು ಬೆರೆಸಿ, ನೆರಳಿನಲ್ಲಿ ಆರಿಸಿ, ಕೂಡಲೇ ಬಿತ್ತಬೇಕು. ಕುಂಡವೊಂದಕ್ಕೆ ನಾಲ್ಕು ಕಾಳು ಹಾಕಿ, ಮೊಳೆತ ಬಳಿಕ ಎರಡು ಗಿಡಗಳನ್ನು ಮಾತ್ರ ಉಳಿಸಿಕೊಳ್ಳುವುದು.

ಕುಂಡಗಳಿಗೆ 1ರಿಂದ 12ರವರೆಗೆ ಸಂಖ್ಯೆ ಬರೆಯಬೇಕು. ಯಾವ ಸಂಖ್ಯೆ ಯಾವ ಬಗೆಯದೆಂಬ ಪಟ್ಟಿಯನ್ನು ಶಿಕ್ಷಕರು ಲಕೋಟೆಯಲ್ಲಿ ಹಾಕಿ ಅಂಟಿಸಿ ತಮ್ಮ ಬಳಿ ಇರಿಸಿಕೊಳ್ಳುವುದು. ಬಿತ್ತಿದ ಮಕ್ಕಳಿಗೆ ತಿಳಿಯದಂತೆ ಸಂಖ್ಯೆಯನ್ನು ಅನಂತರ ಶಿಕ್ಷಕರೇ ಬರೆದರೆ ಇನ್ನೂ ಒಳ್ಳೆಯದು. ಅಳೆಯುವವರಿಗೆ ‘ಇದು ಗೊಬ್ಬರದ ಕುಂಡ’ ಎಂದು ತಿಳಿದಿದ್ದರೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅಳತೆಪಟ್ಟಿ ಅರ್ಧ ಸೆಂಟಿಮೀಟರು ಮೇಲೆ ಸರಿಯುವುದುಂಟು. ಶಾಯಿಯಲ್ಲಿ ಬರೆದ ಕಾಗದದ ಚೀಟಿಗಳು ಮೊದಲ ಮಳೆಗೇ ಅಳಿಸಿಹೋಗುತ್ತವೆ. ಎನಾಮೆಲ್ ಬಣ್ಣದಲ್ಲಿ ಬರೆಯುವುದು ಕ್ಷೇಮ. ಕುಂಡಗಳನ್ನು ಚೀಟಿ ಎತ್ತಿ ಬಂದ ಕ್ರಮದಲ್ಲಿ ಜೋಡಿಸಬೇಕು, ವಾರಕ್ಕೊಮ್ಮೆ ಸ್ಥಳ ಬದಲಿಸಬೇಕು. ಜಗಲಿಯ ಒಂದು ತುದಿಯಲ್ಲಿ ಬೀಳುವಷ್ಟು ಬಿಸಿಲು ಇನ್ನೊಂದು ತುದಿಯಲ್ಲಿ ಬೀಳುವುದಿಲ್ಲ.

ಕೆಲಸ ಹಂಚಿಕೆ

ಆರು ಮಂದಿಗೆ ತಲಾ ಎರಡು ಕುಂಡಗಳನ್ನು ವಹಿಸಿಕೊಡುವ ಪದ್ಧತಿ ಹಲವೆಡೆ ಇದೆ. ನೋಡಲು ನ್ಯಾಯವಾಗಿ ಕಂಡರೂ ಇದು ಸರಿಯಲ್ಲ. ‘ನನ್ನ ಕುಂಡ’ ಎಂಬ ಮಮತೆ ಹುಟ್ಟಿದ ಕೂಡಲೇ ಒಬ್ಬರು ಸಂಜೆ ಇನ್ನೊಂದು ಲೋಟ ನೀರು ಹಾಕುತ್ತಾರೆ, ಮತ್ತೊಬ್ಬರು ಮನೆಯಿಂದ ಗೊಬ್ಬರ ತಂದು ಉದುರಿಸುತ್ತಾರೆ. ಆಗ ಹೋಲಿಕೆಯಾಗುವುದು ಗಿಡಗಳಲ್ಲ, ಮಕ್ಕಳು. ಆದುದರಿಂದ ದಿನಕ್ಕೆ ಇಬ್ಬರಂತೆ ಸರದಿಯಲ್ಲಿ ಹನ್ನೆರಡೂ ಕುಂಡಗಳನ್ನು ನೋಡಿಕೊಳ್ಳತಕ್ಕದ್ದು. ಒಂದೇ ಲೋಟದಿಂದ ಎಲ್ಲ ಕುಂಡಗಳಿಗೆ ಸಮನಾಗಿ ನೀರು ಹಾಕಬೇಕು. ಮಣ್ಣು ಹಸಿಯಾಗಿದ್ದ ದಿನ ಯಾವ ಕುಂಡಕ್ಕೂ ಹಾಕಬಾರದು.

ಸರದಿಯ ಪಟ್ಟಿಯನ್ನು ಮೊದಲ ದಿನವೇ 40 ದಿನಗಳಿಗೂ ಬರೆದು ತರಗತಿಯಲ್ಲಿ ಅಂಟಿಸಬೇಕು. ಭಾನುವಾರಕ್ಕೆ ಶಾಲೆಗೆ ಸಮೀಪದಲ್ಲಿ ವಾಸಿಸುವ ವಿದ್ಯಾರ್ಥಿಯೊಬ್ಬರನ್ನು ನೇಮಿಸಿ, ಗೇಟಿನ ಬೀಗದ ಕೈ ಯಾರ ಬಳಿ ದೊರೆಯುತ್ತದೆಂಬುದನ್ನು ಮುಖ್ಯೋಪಾಧ್ಯಾಯರಿಂದ ಲಿಖಿತವಾಗಿ ಪಡೆಯಬೇಕು. ದೂರದ ಊರಿನಿಂದ ಬಸ್ಸಿನಲ್ಲಿ ಬರುವವರಿಗೆ ಸಂಜೆಯ ಸರದಿ ಬೇಡ. ಬೆಳಗಿನ ಪ್ರಾರ್ಥನೆಗೆ ಮುಂಚಿನ ಅವಧಿ ಕೊಡುವುದು. ನೀರು ಹಾಕಿ ಗುಡಿಸುವ ಕೆಲಸ ಹುಡುಗಿಯರಿಗೆ, ವರದಿ ಬರೆದು ಮಂಡಿಸುವ ಕೆಲಸ ಹುಡುಗರಿಗೆ ಎಂಬ ಹಂಚಿಕೆ ತಾನಾಗಿಯೇ ರೂಪುಗೊಳ್ಳದಂತೆ ಶಿಕ್ಷಕರು ಗಮನಿಸಬೇಕು. ಎಲ್ಲರೂ ಎಲ್ಲ ಕೆಲಸವನ್ನೂ ಸರದಿಯಲ್ಲಿ ಮಾಡುವುದು ನಿಯಮವಾಗಲಿ.

ಬಿಸಿಯೂಟದ ನಂತರ ತಟ್ಟೆ ತೊಳೆದ ನೀರನ್ನು ‘ಗಿಡಗಳಿಗೆ ಹೋಗಲಿ’ ಎಂಬ ಸದುದ್ದೇಶದಿಂದ ಕುಂಡಗಳಿಗೆ ಸುರಿಯುವವರಿರುತ್ತಾರೆ. ಅದರಲ್ಲಿ ಉಪ್ಪು, ಸೋಪು ಇರುತ್ತದೆ. ಅಡುಗೆ ಸಿಬ್ಬಂದಿಗೂ ಕಿರಿಯ ತರಗತಿಗಳಿಗೂ ಪ್ರಯೋಗದ ವಿಷಯವನ್ನು ತಿಳಿಸಿ, ಒಂದು ಫಲಕ ಹಾಕುವುದು. ಮೇಕೆ, ಕೋಳಿಗಳಿಂದ ರಕ್ಷಣೆಗೆ ತಂತಿಬಲೆ ಅಥವಾ ಮುಳ್ಳಿನ ಬೇಲಿ ಬೇಕಾಗುತ್ತದೆ. ಇದಕ್ಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ನೆರವನ್ನು ಕೋರಬಹುದು.

ದಾಖಲೆ ಪುಸ್ತಕ

ಪುಸ್ತಕ ಒಂದೇ ಇರಬೇಕು ಮತ್ತು ಅದು ಶಾಲೆಯಲ್ಲಿಯೇ ಇರಬೇಕು. ಮನೆಗೆ ಒಯ್ದ ವಿದ್ಯಾರ್ಥಿಗೆ ಜ್ವರ ಬಂದರೆ ದಾಖಲೆಯೂ ರಜೆ ಹಾಕುತ್ತದೆ. ದಿನಾಂಕ, ಸಮಯ, ನೀರು ಹಾಕಿದ ಪ್ರಮಾಣ, ಹವಾಮಾನ, ವಿಶೇಷ ಸಂಗತಿ ಹಾಗೂ ಸರದಿಯಲ್ಲಿದ್ದವರ ಸಹಿ ಇರತಕ್ಕದ್ದು. ತಪ್ಪಾಗಿ ಬರೆದುದನ್ನು ರಬ್ಬರಿನಿಂದ ಅಳಿಸಬಾರದು. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯುವುದು. ನೀರು ಹಾಕಲು ಮರೆತಿದ್ದರೆ ‘ಮರೆತಿದೆ’ ಎಂದೇ ಬರೆಯಬೇಕು. ಹಾಗೆ ಬರೆದವರನ್ನು ಗದರಿಸಿದರೆ ಮರುದಿನದಿಂದ ಪುಸ್ತಕದಲ್ಲಿ ಯಾವ ತಪ್ಪೂ ಕಾಣಸಿಗುವುದಿಲ್ಲ. ಆ ಪುಸ್ತಕವನ್ನು ನಂಬುವಂತೆಯೂ ಇರುವುದಿಲ್ಲ.

ಗಿಡದ ಎತ್ತರವನ್ನು ಮಣ್ಣಿನ ಮಟ್ಟದಿಂದ ಕಾಂಡದ ತುದಿಯ ಚಿಗುರಿನವರೆಗೆ ಅಳೆಯಬೇಕು, ಎಲೆಯ ತುದಿಯವರೆಗಲ್ಲ. ವಾರಕ್ಕೊಮ್ಮೆ ಅಳೆದರೆ ಸಾಕು. ಎತ್ತರವೊಂದನ್ನೇ ಬೆಳವಣಿಗೆಯ ಅಳತೆಯೆಂದು ತಿಳಿಯಬಾರದು. ಕತ್ತಲಲ್ಲಿಟ್ಟ ಗಿಡವು ಬಿಳಿಚಿಕೊಂಡು ಬೆಳಕಿನ ಗಿಡಕ್ಕಿಂತ ಉದ್ದವಾಗಿ ಏಳುತ್ತದೆ. ಬೆಳಕನ್ನು ಕುರಿತ ಪ್ರಯೋಗ ಮಾಡಿದ ತಂಡವು ಎತ್ತರವನ್ನು ಮಾತ್ರ ನೋಡಿದರೆ ‘ಕತ್ತಲಿನಲ್ಲಿ ಗಿಡ ಚೆನ್ನಾಗಿ ಬೆಳೆಯುತ್ತದೆ’ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಆದುದರಿಂದ ಎಲೆಗಳ ಸಂಖ್ಯೆಯನ್ನೂ ಕೊನೆಯಲ್ಲಿ ಒಣಗಿಸಿದ ಗಿಡದ ತೂಕವನ್ನೂ ದಾಖಲಿಸಬೇಕು. ಶಾಲೆಯ ತಕ್ಕಡಿ ಅಷ್ಟು ಸೂಕ್ಷ್ಮವಾಗಿರದಿದ್ದಲ್ಲಿ ಊರಿನ ಚಿನ್ನಬೆಳ್ಳಿ ಅಂಗಡಿಯವರನ್ನು ಕೇಳಿಕೊಳ್ಳಬಹುದು.

ಬೇರುಗಂಟುಗಳ ಎಣಿಕೆ

ಗಿಡವನ್ನು ಹಿಡಿದು ಎಳೆಯಬಾರದು. ಗಂಟುಗಳು ಮಣ್ಣಿನಲ್ಲಿಯೇ ಉಳಿದುಬಿಡುತ್ತವೆ. ಕುಂಡವನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿ, ಮಣ್ಣು ಸಡಿಲವಾದ ಮೇಲೆ ಮೆಲ್ಲನೆ ಬಿಡಿಸಿ ತೊಳೆಯಬೇಕು. ಗಂಟುಗಳನ್ನು ಎಣಿಸಿ, ಕೆಲವನ್ನು ಬ್ಲೇಡಿನಿಂದ ಶಿಕ್ಷಕರ ಸಮ್ಮುಖದಲ್ಲಿ ಕತ್ತರಿಸಿ ನೋಡಬೇಕು. ಒಳಭಾಗ ಗುಲಾಬಿ ಅಥವಾ ಕೆಂಪಾಗಿದ್ದರೆ ಗಂಟು ಸಾರಜನಕ ಸ್ಥಿರೀಕರಣದಲ್ಲಿ ತೊಡಗಿದೆ ಎಂದರ್ಥ. ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ. ಜಂತುಹುಳುಗಳಿಂದಲೂ ಬೇರಿನಲ್ಲಿ ಗಂಟಾಗುವುದುಂಟು. ಅದು ಬೇರೇ ಊದಿಕೊಂಡಂತೆ ಕಾಣುತ್ತದೆ, ಬಿಡಿಸಲು ಬರುವುದಿಲ್ಲ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಸುಲಭವಾಗಿ ಕಳಚುತ್ತದೆ.

ಎಲ್ಲ ಸಂಖ್ಯೆಗಳನ್ನು ಬರೆದು ಮುಗಿದ ನಂತರವೇ ಶಿಕ್ಷಕರು ಲಕೋಟೆಯನ್ನು ತೆರೆಯತಕ್ಕದ್ದು.

ಒಂದು ಕಾಲ್ಪನಿಕ ಉದಾಹರಣೆ: ಲೇಪಿಸಿದ ಆರು ಕುಂಡಗಳಲ್ಲಿ ಗಂಟುಗಳ ಸಂಖ್ಯೆ 12, 9, 14, 0, 11, 8 ಎಂದಿರಲಿ. ಸರಾಸರಿ 9. ಸೊನ್ನೆಯನ್ನು ಕೈಬಿಟ್ಟರೆ ಸರಾಸರಿ 10.8 ಆಗುತ್ತದೆ, ನೋಡಲು ಅಂದವಾಗಿಯೂ ಇರುತ್ತದೆ. ಆದರೆ ಸೊನ್ನೆ ಬಂದಿದೆಯೆಂಬ ಕಾರಣಕ್ಕೇ ಅದನ್ನು ಬಿಡುವಂತಿಲ್ಲ. ಆ ಕುಂಡವನ್ನು ಮೇಕೆ ಮೇಯ್ದಿತ್ತು ಅಥವಾ ಅದರಲ್ಲಿ ನೀರು ನಿಂತಿತ್ತು ಎಂಬುದು ಎಣಿಕೆಗೆ ಮೊದಲೇ ಪುಸ್ತಕದಲ್ಲಿ ದಾಖಲಾಗಿದ್ದಲ್ಲಿ ಮಾತ್ರ, ಕಾರಣವನ್ನು ವರದಿಯಲ್ಲಿ ನಮೂದಿಸಿ ಬಿಡಬಹುದು. ಎಣಿಕೆಯ ನಂತರ ಹುಡುಕಿದ ಕಾರಣಕ್ಕೆ ಬೆಲೆಯಿಲ್ಲ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎರಡೂ ಬಗೆಯ ಕುಂಡಗಳಲ್ಲಿ ವ್ಯತ್ಯಾಸವೇ ಕಾಣದಿದ್ದರೆ ಪ್ರಯೋಗ ವಿಫಲವಾದಂತೆಯೇ?
ಉತ್ತರ: ಇಲ್ಲ. ಮೊದಲು ಹೆಸರು, ಅಲಸಂದೆ ಬೆಳೆದಿದ್ದ ಜಾಗದ ಮಣ್ಣಿನಲ್ಲಿ ಈ ಬ್ಯಾಕ್ಟೀರಿಯಾಗಳು ಈಗಾಗಲೇ ಇರುವ ಸಂಭವವಿದೆ. ಆಗ ಲೇಪಿಸದ ಗಿಡಗಳೂ ಗಂಟು ಕಟ್ಟುತ್ತವೆ. ‘ವ್ಯತ್ಯಾಸ ಕಂಡುಬಂದಿಲ್ಲ’ ಎಂಬುದೇ ಫಲಿತಾಂಶ. ಅದನ್ನು ಹಾಗೆಯೇ ಬರೆದು, ಮಣ್ಣು ಎಲ್ಲಿಂದ ತಂದುದೆಂಬುದನ್ನು ವಿವರಿಸತಕ್ಕದ್ದು. ನಿರೀಕ್ಷಿತ ಉತ್ತರ ಬಂದಿಲ್ಲವೆಂದು ಮೌಲ್ಯಮಾಪನದಲ್ಲಿ ಅಂಕ ಕಡಿತಗೊಳಿಸುವುದು ಸರಿಯಾದ ಕ್ರಮವಲ್ಲ. ದಾಖಲೆ ಪುಸ್ತಕವನ್ನು ನೋಡಿ ಅಂಕ ನೀಡಬೇಕು.

ಪ್ರಶ್ನೆ: ನಡುವೆ ಹಲವು ದಿನಗಳ ರಜೆ ಬಂದರೆ ಕುಂಡಗಳನ್ನು ಮನೆಗೆ ಒಯ್ಯಬಹುದೇ?
ಉತ್ತರ: ಒಯ್ಯಬಹುದು. ಆದರೆ ಪ್ರತಿಯೊಬ್ಬರೂ ಲೇಪಿಸಿದ ಒಂದು, ಲೇಪಿಸದ ಒಂದು ಕುಂಡವನ್ನು ಜೊತೆಯಾಗಿ ಒಯ್ಯಬೇಕು. ಒಂದು ಮನೆಯಲ್ಲಿ ಬಿಸಿಲು ಕಡಿಮೆಯಿದ್ದರೆ ಅದು ಎರಡಕ್ಕೂ ಕಡಿಮೆಯಾಗುತ್ತದೆ. ಜೋಡಿಗಳ ಸಂಖ್ಯೆಯನ್ನು ಶಿಕ್ಷಕರು ಲಕೋಟೆಯ ಪಟ್ಟಿ ನೋಡಿ ಹೇಳಿದರೆ ಸಾಕು. ಎರಡರಲ್ಲಿ ಯಾವುದು ಯಾವುದೆಂದು ಹೇಳಬೇಕಾಗಿಲ್ಲ.

ಪ್ರಶ್ನೆ: ಎಲ್ಲ ಗಿಡಗಳೂ ಸತ್ತುಹೋದರೆ ಏನು ಮಾಡಬೇಕು?
ಉತ್ತರ: ಕಾಲಾವಕಾಶವಿದ್ದರೆ ಪುನಃ ಬಿತ್ತಬೇಕು. ಇಲ್ಲದಿದ್ದರೆ ಎಷ್ಟನೆಯ ದಿನ, ಯಾವ ಕುಂಡ, ಯಾವ ಲಕ್ಷಣಗಳೊಂದಿಗೆ ಸತ್ತಿತೆಂಬುದನ್ನು ದಾಖಲೆಯಂತೆ ಬರೆದು ಸಲ್ಲಿಸಬಹುದು. ಬೇರೆ ತಂಡದ ಅಂಕಿಅಂಶಗಳನ್ನು ನಕಲು ಮಾಡಬಾರದು.

ಪ್ರಶ್ನೆ: ತಂಡದ ಒಬ್ಬರು ಕೆಲಸ ಮಾಡದಿದ್ದರೆ ಎಲ್ಲರಿಗೂ ಒಂದೇ ಅಂಕ ಕೊಡಬೇಕೇ?
ಉತ್ತರ: ಸರದಿ ಪಟ್ಟಿ ಹಾಗೂ ಪುಸ್ತಕದ ಸಹಿಗಳಿಂದ ಪ್ರತಿಯೊಬ್ಬರ ಪಾಲು ತಿಳಿಯುತ್ತದೆ. ಗೈರಾಗಲು ಮನೆಯ ಕೆಲಸ, ಅನಾರೋಗ್ಯ ಮುಂತಾದ ಕಾರಣಗಳಿವೆಯೇ ಎಂದು ಮೊದಲು ವಿಚಾರಿಸತಕ್ಕದ್ದು. ಸರದಿಯನ್ನು ಪರಸ್ಪರ ಬದಲಿಸಿಕೊಳ್ಳಲು ಅವಕಾಶವಿರಬೇಕು, ಬದಲಾವಣೆಯು ಪುಸ್ತಕದಲ್ಲಿ ನಮೂದಾಗಿರಬೇಕು.

ಪ್ರಶ್ನೆ: ಈ ಪ್ರಯೋಗವನ್ನು ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಪ್ರಶಸ್ತಿಗೆ ಕಳುಹಿಸಬಹುದೇ?
ಉತ್ತರ: ಅದರಲ್ಲಿ ವಿದ್ಯಾರ್ಥಿಯ ಸ್ವಂತ ಹೊಸ ಆಲೋಚನೆಗೆ ಆದ್ಯತೆಯಿದ್ದು, ಶಾಲೆಯ ಮುಖಾಂತರ ಆನ್‌ಲೈನ್‌ನಲ್ಲಿ ನಾಮನಿರ್ದೇಶನ ಮಾಡಬೇಕಾಗುತ್ತದೆ. ಪಠ್ಯದಲ್ಲಿರುವ ಪ್ರಯೋಗವನ್ನು ಹಾಗೆಯೇ ಕಳುಹಿಸಿದರೆ ಆಯ್ಕೆಯಾಗುವ ಸಂಭವ ಕಡಿಮೆ. ಭಾನುವಾರದ ನೀರಿನ ಸಮಸ್ಯೆಗೆ ಮಕ್ಕಳು ತಾವೇ ಒಂದು ಸಾಧನವನ್ನು ರೂಪಿಸಿದ್ದರೆ, ಅದನ್ನು ಪರಿಶೀಲಿಸಬಹುದು.

ಪ್ರಶ್ನೆ: ಉಳಿದ ರೈಜೋಬಿಯಂ ಪುಡಿ ಮತ್ತು ಗಿಡಗಳನ್ನು ಏನು ಮಾಡುವುದು?
ಉತ್ತರ: ಒಡೆದ ಪೊಟ್ಟಣವನ್ನು ಮುಂದಿನ ವರ್ಷಕ್ಕೆ ಇಡಬಾರದು. ಶಾಲಾ ಕೈತೋಟದಲ್ಲಿ ಅಲಸಂದೆ ಹಾಕುವ ಪಾತಿಗೆ ಬೆರೆಸಬಹುದು. ತೂಕ ಮಾಡಿದ ಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕುವುದು, ಕುಂಡಗಳನ್ನು ತೊಳೆದು ಒಣಗಿಸಿ ಮುಂದಿನ ತಂಡಕ್ಕೆ ಹಸ್ತಾಂತರಿಸುವುದು. ದಾಖಲೆ ಪುಸ್ತಕವು ಶಾಲೆಯ ಪ್ರಯೋಗಾಲಯದಲ್ಲಿ ಉಳಿಯತಕ್ಕದ್ದು.